ಸೂಜಿ ಮೂರೇ ಸಲ, ಕಸರತ್ತು ದಿನಾ

ನಮ್ಮ ಕಾಕನ ಮಗ ಶಹಾಬಾದದಾಗ ಫರಸಿ ಲೋಡ್ ಮಾಡೋ ಕೆಲಸಕ್ಕ ಇದ್ದಾನ. ಈ ಮಳೆಗಾಲದಾಗ ಲಾರಿಯಿಂದ ಜಿಗಿದಾಗ ಮೊಳಕಾಲು ತಿರುಚಿ 'ಟಕ್' ಅಂತು. ಸಂಜೆಯೊಳಗೆ ಬಾತು ಪ್ಯಾಂಟು ಬಿಗಿಯಾಯಿತು. ಎಂಆರ್‌ಐ ಮಾಡಿಸಿದರೆ ಎಸಿಎಲ್ ಪೂರ್ತಿ ಹರಿದಿದೆ ಅಂತ ಬಂತು. ಆಪರೇಷನ್ ಅಂದ ಕೂಡಲೇ ಕಾಕಿ ಅಳಲಿಕ್ಕೆ ಶುರು ಮಾಡಿದಳು. ಅಷ್ಟರಾಗ ಯಾರೋ ಒಂದು ಖಾಸಗಿ ದವಾಖಾನೆಯ ಚೀಟಿ ತಂದುಕೊಟ್ಟರು. ಕೊಯ್ಯೋದಿಲ್ಲ, ನಿಮ್ಮದೇ ರಕ್ತದ ಮೂರು ಸೂಜಿ, ಹರಿದದ್ದು ತಾನೇ ಕೂಡ್ತದ ಅಂತ ಅದರಲ್ಲಿತ್ತು.

"ಅಣ್ಣಾ, ಬೈಕ್ ಮಾರಿದ್ರ ರೊಕ್ಕ ಆಗ್ತದ. ಏನಂತಿ?"

ಪಿಆರ್‌ಪಿ ಅನ್ನೋದು ಸುಳ್ಳು ಔಷಧವೇನಲ್ಲ. ತೋಳಿನ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ಸೂಜಿಯಲ್ಲಿ ಕೊಡುತ್ತಾರೆ. ಆದರೆ ಮೊಳಕಾಲಿನ ಒಳಮಗ್ಗುಲಿನ ಎಂಸಿಎಲ್‌ಗೆ ರಕ್ತ ಚೆನ್ನಾಗಿ ಸಿಗುತ್ತದೆ, ಅದು ಬಹಳ ಸಲ ಬರೀ ಪಟ್ಟಿ, ವ್ಯಾಯಾಮದಲ್ಲೇ ಕೂಡುತ್ತದೆ. ಎಸಿಎಲ್ ಇರೋದು ಕೀಲಿನ ನಡುವೆ, ಕೀಲಿನ ದ್ರವದಲ್ಲಿ. ಅಲ್ಲಿ ರಕ್ತ ಹೆಪ್ಪುಗಟ್ಟಿ ನಿಲ್ಲುವುದೇ ಕಷ್ಟ. ಪೂರ್ತಿ ಹರಿದದ್ದನ್ನು ಈ ಸೂಜಿ ಕೂಡಿಸುತ್ತದೆ ಅನ್ನಲಿಕ್ಕೆ ಗಟ್ಟಿ ಪುರಾವೆ ಇಲ್ಲ. ಸ್ಟೆಮ್ ಸೆಲ್ ಅಂತೂ ಇಂಥದ್ದಕ್ಕೆ ಕ್ಲಿನಿಕಲ್ ಟ್ರಯಲ್ ಬಿಟ್ಟು ಕೊಡಬಾರದು ಅಂತ ಐಸಿಎಂಆರ್‌ನ 2017ರ ಮಾರ್ಗಸೂಚಿಯೇ ಹೇಳುತ್ತದೆ.

ಹಂಗಂತ ಎಲ್ಲರಿಗೂ ಆಪರೇಷನ್ನೇ ಬೇಕಂತಿಲ್ಲ. ಸ್ವೀಡನ್ನಿನಲ್ಲಿ ಎಸಿಎಲ್ ಹರಿದ 121 ಮಂದಿಯ ಮೇಲೆ ನಡೆದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. 62 ಮಂದಿಗೆ ಬೇಗನೆ ಆಪರೇಷನ್, ಉಳಿದ 59 ಮಂದಿಗೆ ಮೊದಲು ಬರೀ ವ್ಯಾಯಾಮ. ಎರಡು ವರ್ಷದ ಮೇಲೆ ಎರಡೂ ಗುಂಪಿನವರ ಕಾಲು ಹೆಚ್ಚುಕಡಿಮೆ ಒಂದೇ ಥರ ಇದ್ದವು. ವ್ಯಾಯಾಮದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಐದು ವರ್ಷವಾದರೂ ಆಪರೇಷನ್ ಬೇಕಾಗಲಿಲ್ಲ. (ಅವರಲ್ಲಿ ಫರಸಿ ಹೊರುವವರು ಇದ್ದಿರಲಿಕ್ಕಿಲ್ಲ ಬಿಡಿ.)

ಆದರೆ ವ್ಯಾಯಾಮ ಅಂದರೆ ತಿಂಗಳುಗಟ್ಟಲೆ. ಸೇಡಂ, ಚಿತ್ತಾಪುರದ ನಾವು ಹೈದರಾಬಾದಿನ ರೈಲು ಹತ್ತುತ್ತೇವೆ, ವಾಡಿ, ಶಹಾಬಾದದವರು ಕಲಬುರಗಿ ಇಲ್ಲವೇ ಸೊಲ್ಲಾಪುರದ್ದು. ಚಿಂಚೋಳಿಗೆ ರೈಲೇ ಇಲ್ಲ, ಬಸ್ಸೇ ಗತಿ. ಹೋದಾಗೊಮ್ಮೆ ಒಂದು ದಿನದ ಕೂಲಿ ಹೋಯಿತು. ಸೂಜಿಯಾದರೆ ಮೂರೇ ಸಲ. ಅದಕ್ಕೇ ಅದು ನಡೀತದ.

ಬೈಕ್ ಮಾರಲಿಲ್ಲ. ಹದಿನೈದು ದಿನಕ್ಕೊಮ್ಮೆ ಕಲಬುರಗಿಗೆ ಹೋಗಿ ಕಸರತ್ತು ಕಲಿತು ಬರ್ತಾನ, ಮನೆ ಮುಂದಿನ ಫರಸಿ ಮೆಟ್ಟಿಲ ಮ್ಯಾಲೆ ಒಂಟಿಕಾಲಲ್ಲಿ ಹತ್ತಿ ಇಳೀತಾನ. ಇನ್ನೂ ಕಾಲು ಜಾರ್ತದ ಅಂದ್ರ ಆಪರೇಷನ್ ನೋಡೋಣ ಅಂತ ಡಾಕ್ಟರು ಹೇಳಿದ್ದಾರೆ. ಇದು ನಾಲ್ಕನೇ ತಿಂಗಳು. ಮೊನ್ನೆ ಇಳಿಯುವಾಗ ಒಮ್ಮೆ ಕಾಲು ಕೈಕೊಟ್ಟಿತಂತ. ಅವ್ವಗ ಹೇಳಬ್ಯಾಡ ಅಂದಾನ.