ಬಟನ್ ಚೆನ್ನಾಗಿದೆ ಸಾರ್!

"ಡಾಕ್ಟರ್ ಗಾಡಿ ಸಾರ್, ಬರೀ 26 ಸಾವಿರ ಕಿಲೋಮೀಟ್ರು ಓಡಿದೆ!"

2023ರಲ್ಲಿ ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ತಗೊಂಡಾಗ ಬ್ರೋಕರ್ ಹೇಳಿದ ಈ ಮಾತನ್ನ ಆಫೀಸಲ್ಲಿ ಹತ್ತು ಜನರ ಹತ್ರ ಹೇಳ್ಕೊಂಡು ಬೀಗಿದ್ದೆ. 2018ರ ಗಾಡಿ, ಐದು ವರ್ಷಕ್ಕೆ 26 ಸಾವಿರ ಅಂದ್ರೆ ಮನೆಯಿಂದ ಕ್ಲಿನಿಕ್ಕು, ಕ್ಲಿನಿಕ್ಕಿಂದ ಮನೆ, ಅಷ್ಟೇ. ಎಂಥಾ ಲಾಭ ಅಲ್ವಾ?

ಆ ಲಾಭದ ಲೆಕ್ಕ ಗೊತ್ತಾಗಿದ್ದು 2025ರ ಜುಲೈನಲ್ಲಿ, ಆಗುಂಬೆ ಘಾಟಿಯಲ್ಲಿ. ತೀರ್ಥಹಳ್ಳಿಯಿಂದ ಉಡುಪಿಗೆ, ನನ್ನವಳ ತವರಿಗೆ ಹೊರಟಿದ್ವಿ. ಅವಳಿಗಾಗ ಐದು ತಿಂಗಳು. ಮಳೆ ಅಂದ್ರೆ ಆಗುಂಬೆ ಮಳೆ, ಹೇಳೋದೇ ಬೇಡ. ಹದಿನಾಲ್ಕು ತಿರುವುಗಳಲ್ಲಿ ಎಷ್ಟನೆಯದೋ ನೆನಪಿಲ್ಲ. ಮೂವತ್ತೂ ಇರಲಿಲ್ಲ ಸ್ಪೀಡು. ಗಾಡಿಯ ಹಿಂಭಾಗ ಮೆಲ್ಲಗೆ, ಎಮ್ಮೆ ಸೊಂಟ ತಿರುಗಿಸಿದ ಹಾಗೆ, ಪಕ್ಕಕ್ಕೆ ಸರೀತು. ತಡೆಗೋಡೆ ಒಂದು ಮಾರು ದೂರ ಇದ್ದಾಗ ನಿಂತ್ವಿ. ಅವಳು ಏನೂ ಹೇಳಲಿಲ್ಲ. ಒಂದು ಕೈ ಹೊಟ್ಟೆ ಮೇಲಿತ್ತು, ಇನ್ನೊಂದು ನನ್ನ ತೋಳು ಹಿಡಿದಿತ್ತು. ಸೋಮೇಶ್ವರ ಬರೋವರೆಗೂ ಬಿಡಲಿಲ್ಲ.

ಮಾರನೇ ದಿನ ಟೈರ್ ನೋಡಿದ್ರೆ ಬಟನ್ ಬೇಕಾದಷ್ಟಿದೆ! ಸವೆತಕ್ಕೆ ಗುರುತು ಅಂತ ಗೀರುಗಳ ತಳದಲ್ಲಿ 1.6 ಮಿಲಿಮೀಟರಿನ ಸಣ್ಣ ದಿಬ್ಬ ಇರುತ್ತಲ್ಲ, ಅದು ಇನ್ನೂ ಎಷ್ಟೋ ಕೆಳಗಿತ್ತು. ಆಮೇಲೆ ಪಕ್ಕದ ಗೋಡೆ ಮೇಲಿನ ನಾಲ್ಕು ಅಂಕಿ ಕಣ್ಣಿಗೆ ಬಿತ್ತು: 4617. ಅಂದ್ರೆ 2017ರ 46ನೇ ವಾರ. ಕಡಿಮೆ ಓಡಿದ ಗಾಡಿ, ಹಾಗಾಗಿ ಡಾಕ್ಟರು ಟೈರ್ ಬದಲಾಯಿಸೋ ಪ್ರಮೇಯವೇ ಬಂದಿಲ್ಲ. ರಬ್ಬರು ಮಾತ್ರ ಬಿಸಿಲಿಗೆ, ಗಾಳಿಗೆ ಗಟ್ಟಿಯಾಗ್ತಾ ಕೂತಿತ್ತು. ಗಟ್ಟಿ ರಬ್ಬರು ಒದ್ದೆ ರಸ್ತೆಯನ್ನ ಕಚ್ಚಲ್ಲ. ಉಗುರಲ್ಲಿ ಒತ್ತಿದೆ, ಹಳೇ ಎರೇಸರ್ ತರ ಇತ್ತು. ಡಿಕ್ಕಿಯಲ್ಲಿ ಒಂದು ದಿನವೂ ನೆಲ ಮುಟ್ಟದ ಸ್ಟೆಪ್ನಿಯೂ 4617!

ನಮ್ಮ ಕಸುಬೇ ಹಾಗಲ್ವಾ, ರಾತ್ರಿಯೆಲ್ಲ ಕೂತು ರಿಸರ್ಚ್ ಮಾಡ್ದೆ. 165/80 ಆರ್14 85ಟಿ. ಅಗಲ 165 ಮಿಲಿಮೀಟರ್, ಗೋಡೆ ಎತ್ತರ ಅಗಲದ ನೂರಕ್ಕೆ ಎಂಬತ್ತು, ರಿಮ್ 14 ಇಂಚು, ಒಂದೊಂದು ಟೈರು ಹೊರೋದು 515 ಕೆಜಿ. ಎಕ್ಸೆಲ್ ಶೀಟೇ ಮಾಡಿದೆ ಅಂದ್ರೆ ನಗ್ಬೇಡಿ. ಆನ್‌ಲೈನಲ್ಲಿ ಅಂಗಡಿಗಿಂತ ಟೈರಿಗೆ ಆರುನೂರು ರೂಪಾಯಿ ಕಮ್ಮಿ ಅಂತ ನಾಲ್ಕು ತರಿಸ್ದೆ. ಅಪ್ಪನಿಗೆ ಫೋನ್ ಮಾಡಿದ್ರೆ "ಟೈರೇನು ಪುಸ್ತಕವೇನೋ, ಕೊರಿಯರಲ್ಲಿ ತರ್ಸೋಕೆ?" ಅಂದ್ರು. (ಆಗಸ್ಟಲ್ಲಿ ತಗೊಂಡೆ. ಸೆಪ್ಟೆಂಬರ್ 22ಕ್ಕೆ ಟೈರಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳೀತು. ನನ್ನ ಅದೃಷ್ಟಕ್ಕೆ ಇಷ್ಟು ಸಾಕ್ಷಿ ಸಾಕು.)

ಎರಡು ಹಿಂದಿನ ಸೀಟಲ್ಲಿ, ಒಂದು ಮುಂದೆ, ಒಂದು ಡಿಕ್ಕಿಯಲ್ಲಿ ತುಂಬ್ಕೊಂಡು ಹೊರಟೆ. ಮೊದಲನೇ ಅಂಗಡಿಯವನು "ಎಲ್ಲಿ ತಗೊಂಡ್ರೋ ಅಲ್ಲೇ ಹಾಕಿಸ್ಕೊಳ್ಳಿ" ಅಂತ ಮುಖ ತಿರುಗಿಸಿದ. ಅವನದೂ ನ್ಯಾಯವೇ ಬಿಡಿ. ಎರಡನೇ ಅಂಗಡಿಯ ಯಜಮಾನ್ರು ಸುಮ್ನೆ ಕನ್ನಡಕ ಏರಿಸ್ಕೊಂಡು, ಒಂದೊಂದೇ ಟೈರನ್ನ ಉರುಳಿಸಿ ನೋಡಿದ್ರು. ನಾಲ್ಕನೇದನ್ನ ಪಕ್ಕಕ್ಕಿಟ್ರು.

"ಇದನ್ನ ಹಾಕಲ್ಲ ಸಾರ್. ಮೂರು ಈ ವರ್ಷದ್ದು, ಇದು 2021ರದ್ದು."

ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಹಳೇ ಟೈರಿನ ಜಾತಕ ಬಿಡಿಸಿದವನು ಹೊಸದನ್ನ ತಿರುಗಿಸಿಯೂ ನೋಡಿರಲಿಲ್ಲ! ಹೊಸದು ಅಂದ್ಮೇಲೆ ಹೊಸದೇ ಅಂತ.

"ಮೂರು ಹಾಕೋಕಾಗಲ್ಲ. ಇವತ್ತು ಎರಡು ಹಿಂದಕ್ಕೆ ಹಾಕ್ತೀನಿ," ಅಂದ್ರು. ಸ್ಟೀರಿಂಗು ಮುಂದೆ, ಎಂಜಿನ್ ಎಳೆಯೋದೂ ಮುಂದಿನ ಚಕ್ರನೇ, ಮತ್ತೆ ಹೊಸದು ಯಾಕೆ ಹಿಂದಕ್ಕೆ ಅಂತ ನನ್ನ ಇಂಜಿನಿಯರ್ ಬುದ್ಧಿ ವಾದಕ್ಕೆ ನಿಂತಿತು.

"ಮುಂದಿನ ಚಕ್ರ ಜಾರಿದ್ರೆ ಗಾಡಿ ನೇರ ಹೋಗುತ್ತೆ, ಕಾಲು ತೆಗೆದ್ರೆ ಹಿಡಿತಕ್ಕೆ ಬರುತ್ತೆ. ಹಿಂದಿಂದು ಜಾರಿದ್ರೆ ಗಾಡಿ ತಿರುಗಿಬಿಡುತ್ತೆ. ಘಾಟಿಲಿ ಏನಾಯ್ತು ಅಂದ್ರಿ?"

ಬಾಯಿ ಮುಚ್ಕೊಂಡೆ. ಅವರು ಕೇಳದೇನೇ ವಾಲ್ವ್‌ಗಳನ್ನೂ ಬದಲಾಯಿಸಿದ್ರು, ಬ್ಯಾಲೆನ್ಸ್ ಮಾಡಿದ್ರು, ನಟ್ಟುಗಳನ್ನ ಎದುರು-ಬದುರು ಕ್ರಮದಲ್ಲಿ ಬಿಗಿದು "ನೂರು ಕಿಲೋಮೀಟರ್ ಆದ್ಮೇಲೆ ಬನ್ನಿ, ಇನ್ನೊಂದ್ಸಲ ಬಿಗೀತೀನಿ" ಅಂದ್ರು.

ಹಳೇದನ್ನ ವಾಪಸ್ ಕಳಿಸಿ, ಬದಲಿ ಬಂದ್ಮೇಲೆ (ಈ ಸಲ ಡೆಲಿವರಿ ಹುಡುಗನ ಎದುರೇ ಅಂಕಿ ಓದಿದೆ) ಮತ್ತೆ ಹೋದೆ. ಸ್ಟೆಪ್ನಿಗೆ ಮಾತ್ರ ಟೈರನ್ನ ಅವರ ಹತ್ರವೇ, ಅವರು ಹೇಳಿದ ರೇಟಿಗೇ ತಗೊಂಡೆ. ಅಲೈನ್‌ಮೆಂಟ್ ನಡೀತಾ ಇದ್ದಾಗ ಪಂಕ್ಚರ್‌ಗೆ ಅಂತ ಬಂದಿದ್ದ ಡಿಜೈರ್ ಕ್ಯಾಬಿನ ಡ್ರೈವರ್ ಒಬ್ಬ, ಮೂಲೆಯಲ್ಲಿದ್ದ ನನ್ನ ಹಳೇ ಐದು ಟೈರುಗಳನ್ನ ಸವರಿ ನೋಡ್ದ. ಅವನ ಗಾಡಿಗೂ ಅದೇ ಸೈಜು. ಅವನ ಮುಂದಿನ ಎರಡೂ ಬೋಳು.

"ಬಟನ್ ಚೆನ್ನಾಗಿದೆ ಸಾರ್! ಒಂದಕ್ಕೆ ಆರುನೂರು ಕೊಡ್ತೀನಿ, ನಂಗೇ ಕೊಟ್ಬಿಡಿ."

4617 ಅಂದ್ರೇನು ಅಂತ ತೋರಿಸಿ ಹೇಳಿದೆ. "ಅಯ್ಯೋ, ಸಿಟಿ ಒಳಗೇ ತಾನೇ ಓಡ್ಸೋದು" ಅಂತ ನಕ್ಕ. ಯಜಮಾನ್ರು ನನ್ನ ಮುಖ ನೋಡಿದ್ರು. ನಾನು ತಲೆ ಆಡಿಸ್ದೆ. ಅವರು ಚಾಕು ತಂದು ಐದೂ ಟೈರುಗಳ ಪಕ್ಕ ಸೀಳಿದ್ರು.

ಡ್ರೈವರ್ ಏನೂ ಮಾತಾಡ್ಲಿಲ್ಲ. ಪಂಕ್ಚರ್ ದುಡ್ಡು ಕೊಟ್ಟು, ಅದೇ ಬೋಳು ಟೈರಲ್ಲಿ ಹೊರಟು ಹೋದ. ಹೊರಗೆ ಮಳೆ ಹನಿಯೋಕೆ ಶುರುವಾಗಿತ್ತು.