ತಂತಿಯಿಲ್ಲದ ಕರೆಂಟು ರೈಲು

2017ರ ನವೆಂಬರಿನಲ್ಲಿ ಮೊಮ್ಮಗನನ್ನು ಕರೆದುಕೊಂಡು ಹುಮನಾಬಾದಿನಲ್ಲಿ ಕಲಬುರಗಿ ರೈಲು ಹತ್ತಿದೆ. ಹೈದರಾಬಾದಿನಲ್ಲಿ ಬೆಳೆದ ಹುಡುಗ. ಕಿಟಕಿಯಿಂದ ಮೇಲೆ ನೋಡಿ, “ಮುತ್ಯಾ, ಇಲ್ಲಿ ಕರೆಂಟಿನ ತಂತೀನೇ ಇಲ್ಲ. ರೈಲು ಹ್ಯಾಂಗ ಓಡ್ತದ?” ಎಂದ.

ಅದು ಡೆಮು ರೈಲು. ಅದರ ಡೀಸೆಲ್ ಎಂಜಿನ್ ಗಾಲಿಯನ್ನು ನೇರವಾಗಿ ತಿರುಗಿಸುವುದಿಲ್ಲ, ವಿದ್ಯುತ್ತನ್ನು ತಯಾರಿಸುತ್ತದೆ. ಆ ವಿದ್ಯುತ್ತಿನಿಂದ ಮೋಟಾರು, ಮೋಟಾರಿನಿಂದ ಗಾಲಿ. “ಕರೆಂಟಿನ ಕಾರ್ಖಾನಿ ತನ್ನ ಬೆನ್ನಿಗೇ ಕಟ್ಕೊಂಡು ಹೊಂಟದ” ಎಂದೆ. ಹುಡುಗ ನಕ್ಕ.

ಮಕ್ಕಳೇ, ನೂರು ವರ್ಷಗಳ ಹಿಂದೆ ಅಮೆರಿಕದ ಹಳ್ಳಿಗಾಡಿನಲ್ಲಿ ‘ಇಂಟರ್‌ಅರ್ಬನ್’ ಎಂಬ ವಿದ್ಯುತ್ ರೈಲುಗಳು ಸಣ್ಣ ಸಣ್ಣ ಊರುಗಳನ್ನು ಜೋಡಿಸಿದ್ದವು. ಒಂದೆರಡೇ ಡಬ್ಬಿ, ಮೇಲೆ ತಂತಿ. ಹೊಲದ ಬದಿಯಲ್ಲೂ ನಿಂತು ರೈತರನ್ನು, ಹಾಲಿನ ಕ್ಯಾನುಗಳನ್ನು ಹತ್ತಿಸಿಕೊಳ್ಳುತ್ತಿದ್ದವು. ಮೋಟಾರು ಕಾರು, ಒಳ್ಳೆಯ ರಸ್ತೆ ಬಂದ ಮೇಲೆ ಹೆಚ್ಚಿನವು ಮುಚ್ಚಿಹೋದವು. ನಮ್ಮ ದೇಶದ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಮುಂಬೈಯಿಂದ ಕುರ್ಲಾಕ್ಕೆ ಓಡಿತು.

ನಮ್ಮ ಕಡೆ ಲೆಕ್ಕ ತಿರುವುಮುರುವು. ಇಲ್ಲಿ ಮೊದಲು ಬಸ್ಸು ಬಂತು, ಎಷ್ಟೋ ವರ್ಷಗಳ ಮೇಲೆ ರೈಲು. ಮುಂಬೈ–ರಾಯಚೂರು ಹಳಿ 1871ರಲ್ಲಿ ಪೂರ್ತಿಯಾದಾಗಲೇ ಕಲಬುರಗಿಗೆ ರೈಲಿತ್ತು. ನಿಜಾಮರ ಕಾಲದಲ್ಲಿ ವಿಕಾರಾಬಾದಿನಿಂದ ಬೀದರಕ್ಕೂ ಹಳಿ ಬಂತು. ನಡುವಿನ ಹುಮನಾಬಾದು, ನಮ್ಮ ದುಬಲಗುಂಡಿ ಹಾಗೇ ಉಳಿದವು. ಬೀದರಿನಿಂದ ಕಲಬುರಗಿಗೆ ರೈಲಿನಲ್ಲೇ ಹೋಗಬೇಕೆಂದರೆ ವಿಕಾರಾಬಾದು, ವಾಡಿ ಸುತ್ತಬೇಕಿತ್ತು. 110 ಕಿಲೋಮೀಟರಿನ ನೇರ ಮಾರ್ಗ ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು.

ಕಲಬುರಗಿಯಲ್ಲಿ ಬಿ.ಕಾಂ. ಓದುವಾಗ ನಾನು ಬಸ್ಸಿನಲ್ಲೇ ಓಡಾಡಿದವನು. ರಜೆಗೆ ಊರಿಗೆ ಬಂದಾಗಲೆಲ್ಲ ಅವ್ವ ಒಂದೇ ಮಾತು ಕೇಳುತ್ತಿದ್ದಳು: “ರೈಲಿನ್ಯಾಗ ಕುಂತ್ರ ಹ್ಯಾಂಗ ಅನಸ್ತದೋ?” ನೌಕರಿ ಸಿಕ್ಕ ಮೇಲೆ, “ನಮ್ಮ ಕಡಿ ರೈಲು ಬಂದ ದಿನ ನಿನ್ನೇ ಮೊದಲ ಕೂಡಸ್ತೀನಿ” ಎಂದು ಮಾತು ಕೊಟ್ಟೆ. ರೈಲು ಬರುವ ಐದು ವರ್ಷ ಮೊದಲೇ ಅವ್ವ ಹೋದಳು.

ರೈಲು ತಡವಾಯಿತು ಎಂದು ಬಹಳ ದಿನ ಎಲ್ಲರ ಮುಂದೆ ದೂರಿದೆ. ಆದರೆ ಬ್ಯಾಂಕಿನಲ್ಲಿ ತಡವಾದ ಕಂತಿಗೆ ಬಡ್ಡಿ ಲೆಕ್ಕ ಹಾಕಿದ ಕೈ ನನ್ನದು. ನನ್ನ ಖಾತೆಯನ್ನೂ ತೆರೆದು ನೋಡಲೇಬೇಕಲ್ಲ. ಬೀದರಿನಲ್ಲಿ ರೈಲು ಇದ್ದೇ ಇತ್ತು. ಅವ್ವನನ್ನು ಬಸ್ಸಿನಲ್ಲಿ ಅಲ್ಲಿಗೆ ಕರೆದೊಯ್ದು, ವಿಕಾರಾಬಾದಿನ ತನಕ ಕೂರಿಸಿ ತರಲು ಒಂದು ದಿನ ಸಾಕಿತ್ತು. “ಮುಂದಿನ ತಿಂಗಳು ಹೋಗಮು ಅವ್ವ” ಎನ್ನುತ್ತಾ ಮೂವತ್ತು ವರ್ಷ ಕಳೆದೆ. ಆ ಬಾಕಿ ರೈಲಿನದಲ್ಲ, ನನ್ನದು.

ಕಲಬುರಗಿಯಲ್ಲಿ ಇಳಿದಾಗ ಮೊಮ್ಮಗ, “ಆಯಿಗೂ ಕರ್ಕೊಂಡು ಬರಬೇಕಿತ್ತು ಮುತ್ಯಾ” ಎಂದ. ಹೆಂಡತಿ ಮಂಡಿನೋವೆಂದು ಮನೆಯಲ್ಲೇ ಉಳಿದಿದ್ದಳು. ‘ಮುಂದಿನ ತಿಂಗಳು’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, “ನಾಳೆ” ಎಂದೆ.

ಮರುದಿನ ಅದೇ ರೈಲಿನಲ್ಲಿ ನಾವು ಮೂವರಿದ್ದೆವು. ಕಿಟಕಿಯ ಬದಿ ಅವಳಿಗೇ ಬಿಟ್ಟುಕೊಟ್ಟೆವು.