ಮಾನಿಟರ್ ಹೊತ್ತುಕೊಂಡು ಕೊಳ್ಳೇಗಾಲಕ್ಕೆ

ಹೋದ ತಿಂಗಳು ಹನೂರಿನಿಂದ ಸೋದರಮಾವ ಫೋನ್ ಮಾಡಿದ್ರು. "ಕಂಪ್ಯೂಟ್ರು ಸತ್ತೋಯ್ತು ಕಣಪ್ಪ. ಆನ್ ಮಾಡುದ್ರೆ ಬರೀ ಕಪ್ಪು."

"ಹಳೇದು ಮಾವ, ಬಿಟ್ಹಾಕಿ. ಒಂದು ಲ್ಯಾಪ್‌ಟಾಪ್ ತಂದುಕೊಡ್ತೀನಿ" ಅಂದೆ. ಆ ಕಡೆಯಿಂದ ಮಾತೇ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ, "ಅದ್ರಲ್ಲಿ ನಿಮ್ಮತ್ತೆ ಪದಗಳವೆ" ಅಂದ್ರು.

ಶನಿವಾರ ಬೆಳಿಗ್ಗೆ ಮೊದಲ ಬಸ್ ಹತ್ತಿದೆ.

ಮಾವ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದವರು. 2008ರಲ್ಲಿ, ಹನೂರು ಇನ್ನೂ ಕೊಳ್ಳೇಗಾಲ ತಾಲ್ಲೂಕಿನಲ್ಲೇ ಇದ್ದ ಕಾಲದಲ್ಲಿ, ರಿಟೈರ್ ಆದ ದುಡ್ಡಿನಲ್ಲಿ ಈ ಕಂಪ್ಯೂಟರ್ ಕೊಂಡಿದ್ರು. ಅತ್ತೆಯ ತವರು ಯಳಂದೂರು. ಅವರ ಅವ್ವನಿಂದ ಕಲಿತ ಸೋಬಾನೆ ಪದಗಳು ಅತ್ತೆಯ ಬಾಯಲ್ಲಿದ್ದವು. ಅತ್ತೆ ಅವರೆಕಾಯಿ ಸುಲಿಯುತ್ತಾ ಹೇಳೋರು, ಮಾವ ಒಂದೇ ಬೆರಳಲ್ಲಿ 'ನುಡಿ'ಯಲ್ಲಿ ಕುಟ್ಟೋರು. ಜೊತೆಗೆ ಜಗಳ ಬೇರೆ. "ನಾನು ಹೇಳಿದ್ದು ಹಂಗಲ್ಲ, ನೀವು ಮೇಷ್ಟ್ರ ಕನ್ನಡ ಮಾಡ್ಬುಟ್ರಿ!" ಅತ್ತೆ ತೀರಿಕೊಂಡು ಮೂರು ವರ್ಷವಾಯ್ತು. ಆ ದನಿಯನ್ನು ಯಾರೂ ರೆಕಾರ್ಡ್ ಮಾಡಿಕೊಂಡಿಲ್ಲ. ಉಳಿದಿರೋದು ಆ ಡಬ್ಬದಲ್ಲಿರೋದಷ್ಟೇ.

ನಾನು ಹೋಗೋ ಹೊತ್ತಿಗೆ ಮಾವ ಮಾನಿಟರನ್ನು ದುಪ್ಪಟಿಯಲ್ಲಿ ಸುತ್ತಿ, ಬಸ್ಸಲ್ಲಿ ತೊಡೆ ಮೇಲಿಟ್ಟುಕೊಂಡು, ಸುಮಾರು 25 ಕಿ.ಮೀ. ದೂರದ ಕೊಳ್ಳೇಗಾಲಕ್ಕೆ ಎರಡು ಸಲ ಹೋಗಿಬಂದಿದ್ರು! "ಮೇಷ್ಟ್ರೇ, ಟೀವಿಗೂ ಒಂದು ಟಿಕೆಟ್ ತಗೊಳ್ಳಿ" ಅಂತ ಕಂಡಕ್ಟರ್ ತಮಾಷೆ ಮಾಡಿದನಂತೆ. ಅಂಗಡಿಯಲ್ಲಿ ಬೇರೆ ಸಿಪಿಯುಗೆ ಹಾಕಿದ್ರೆ ಚಿತ್ರ ಚೆನ್ನಾಗಿ ಬರುತ್ತೆ, ಮನೆಗೆ ತಂದರೆ ಮತ್ತೆ ಕಪ್ಪು. ಎರಡನೇ ಸಲ ಅಂಗಡಿಯವನು, "ಪೂರಾ ಸೆಟ್ಟೇ ಹೊಸದು ತಗೊಂಡುಬಿಡಿ" ಅಂದನಂತೆ.

ನಾವೆಲ್ಲ ಹೀಗೇ ಅಲ್ವಾ? ಚಿತ್ರ ಬರಲಿಲ್ಲ ಅಂದ್ರೆ ಮೊದಲು ಅನುಮಾನ ಮಾನಿಟರ್ ಮೇಲೆ.

ಮಾನಿಟರಿನ ಪುಟ್ಟ ದೀಪ ಕಿತ್ತಳೆ ಬಣ್ಣದಲ್ಲಿತ್ತು. ಅಂದ್ರೆ ಕರೆಂಟ್ ಇದೆ, ಸಿಗ್ನಲ್ ಇಲ್ಲ. ಸಿಪಿಯು ಕಡೆಯ ಕೇಬಲ್ ಕಿತ್ತೆ. ಕೂಡಲೇ ಪರದೆ ಮೇಲೆ ಕೇಬಲ್ ನೋಡಿ ಅನ್ನೋ ಸೂಚನೆ ಬಂತು. ಪಾಪ, ಮಾನಿಟರಿಗೇನೂ ಆಗಿಲ್ಲ, ತೋರಿಸೋಕೆ ಅದಕ್ಕೆ ಏನೂ ಸಿಗ್ತಿಲ್ಲ ಅಷ್ಟೇ. ಮತ್ತೆ ಕೇಬಲ್ ಸಿಕ್ಕಿಸಿ ಸಿಪಿಯು ಆನ್ ಮಾಡಿದೆ. ಫ್ಯಾನ್ ತಿರುಗಿತು. ಆಮೇಲೆ ಉದ್ದಕ್ಕೆ ಒಂದು ಬೀಪ್... ಸ್ವಲ್ಪ ಬಿಟ್ಟು ಇನ್ನೊಂದು...

"ಇದು ಕೂಗ್ತಾ ಇದೆಯಲ್ಲ ಮಾವ?"

"ಕೂಗ್ತಾ ಐತಾ?"

ಮಾವನಿಗೆ ಎರಡು ವರ್ಷದಿಂದ ಕಿವಿ ಮಂದ. ಅದು ಅಷ್ಟು ದಿನದಿಂದ ಕೂಗಿ ಹೇಳ್ತಿತ್ತು, ಮನೆಯಲ್ಲಿ ಕೇಳಿಸಿಕೊಳ್ಳೋರೇ ಇರಲಿಲ್ಲ.

ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಕಂಪ್ಯೂಟರ್ ಶುರುವಾದ ತಕ್ಷಣ ಬಯಾಸ್ ತನ್ನ ಅಂಗಾಂಗಗಳನ್ನೆಲ್ಲ ಪರೀಕ್ಷೆ ಮಾಡುತ್ತೆ. ರ‍್ಯಾಮ್ ಪರೀಕ್ಷೆ ಆಗೋದು ಚಿತ್ರ ಮೂಡೋದಕ್ಕಿಂತ ಮೊದಲು. ರ‍್ಯಾಮ್ ಕೈಕೊಟ್ಟರೆ ಪರದೆ ಮೇಲೆ ಬರೆದು ತಿಳಿಸೋಕೂ ಆಗಲ್ಲ, ಅದಕ್ಕೇ ಬೀಪ್. ಇದರ ಲೆಕ್ಕ ಬಯಾಸಿನಿಂದ ಬಯಾಸಿಗೆ ಬೇರೆ. ಆದರೆ ಬಿಟ್ಟು ಬಿಟ್ಟು ಉದ್ದಕ್ಕೆ ಕೂಗಿದರೆ ಮೊದಲು ರ‍್ಯಾಮ್ ನೋಡೋದು ವಾಡಿಕೆ.

ಪ್ಲಗ್ ಕಿತ್ತು, ಪೆಟ್ಟಿಗೆಯ ಲೋಹ ಮುಟ್ಟಿ (ಮೈಯಲ್ಲಿನ ಸ್ಥಾಯಿ ವಿದ್ಯುತ್ತಿನಿಂದ ಚಿಪ್ ಸುಡಬಾರದಲ್ಲ), ರ‍್ಯಾಮ್ ಹೊರತೆಗೆದೆ. ಮಾವನ ಡಬ್ಬಿಯಲ್ಲಿದ್ದ ರಬ್ಬರಿನಿಂದ ಅದರ ಬಂಗಾರದ ಬಣ್ಣದ ಅಂಚನ್ನು ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಮತ್ತೆ ಕೂರಿಸಿದೆ. ಬಂತು! ಎಕ್ಸ್‌ಪಿಯ ಹಸಿರು ಗುಡ್ಡ ಬಂತು! ಮಾವ "ಮಾದಪ್ಪಾ" ಅಂತ ಕೈಮುಗಿದರು. ನಾನು ಏನು ಮಾಡಿದೆ ಗೊತ್ತಾ? ಖುಷಿಯಲ್ಲಿ ಟೀ ಕುಡಿಯೋಕೆ ಎದ್ದೆ. ವಾಪಸ್ ಬರೋ ಹೊತ್ತಿಗೆ ನಿಂತುಹೋಗಿತ್ತು. ಮತ್ತೆ ಆನ್ ಮಾಡಿದರೆ ಕಪ್ಪು, ಮತ್ತದೇ ಕೂಗು. ಎಷ್ಟು ಉಜ್ಜಿದರೂ ಇಲ್ಲ. ಕಾಪಿ ಮಾಡಿಕೊಳ್ಳೋಕೆ ಹತ್ತು ನಿಮಿಷವಿತ್ತು, ನಾನು ಟೀ ಕುಡಿದಿದ್ದೆ.

ಹಾರ್ಡ್ ಡಿಸ್ಕ್ ಬಿಚ್ಚಿ ಮೈಸೂರಿಗೆ ಒಯ್ದು ಕಾಪಿ ಮಾಡಿಸಬಹುದಿತ್ತು. ಮಾವ ಒಪ್ಪಲಿಲ್ಲ. "ಅದು ಮನೆ ಬುಟ್ಟು ಹೋಗೋದು ಬ್ಯಾಡ" ಅಂದ್ರು. ನಾನೂ ಒತ್ತಾಯ ಮಾಡಲಿಲ್ಲ.

ಭಾನುವಾರ ಕೊಳ್ಳೇಗಾಲಕ್ಕೆ ಹೋದೆ. ತೆರೆದಿದ್ದ ಒಂದೆರಡು ಅಂಗಡಿಯಲ್ಲೂ ಡಿಡಿಆರ್3 ಇತ್ತು. ನಮಗೆ ಬೇಕಿದ್ದದ್ದು ಡಿಡಿಆರ್2. ಎರಡಕ್ಕೂ ಪಿನ್ನು 240 ಆದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿರುತ್ತೆ, ಕೂರಲ್ಲ. ಸೋತು ಫೋನ್ ಮಾಡಿದಾಗ ಮಾವನಿಗೆ ನೆನಪಾಯ್ತು. ಯಳಂದೂರಿನಲ್ಲಿ ಅತ್ತೆಯ ತಮ್ಮನ ಮನೆಯಲ್ಲಿ ಅದೇ ಕಾಲದ್ದೊಂದು ಕಂಪ್ಯೂಟರ್ ಇರಬೇಕು! ಅಲ್ಲಿಂದಲೇ ಯಳಂದೂರು ಬಸ್ ಹತ್ತಿದೆ. ಅಟ್ಟದ ಮೇಲೆ, ಗೋಣಿಚೀಲದ ಕೆಳಗೆ, ಧೂಳು ಹೊದ್ದು ಮಲಗಿತ್ತು. ಒಳಗೆ 1 ಜಿಬಿಯ ಡಿಡಿಆರ್2.

ಸಂಜೆ ಹನೂರು. ರ‍್ಯಾಮ್ ಎರಡೂ ಕಡೆ ಕ್ಲಿಪ್ ಬೀಳುವ ತನಕ ಒತ್ತಿ, ಸ್ವಿಚ್ ಹಾಕಿದೆ. ಈ ಸಲ ಚಿಕ್ಕದಾಗಿ ಒಂದೇ ಬೀಪ್. ಎಲ್ಲ ಸರಿ ಅಂತ ಅರ್ಥ. ಈ ಸಲ ಟೀ ಇಲ್ಲ, ಮೊದಲು ಪೆನ್ ಡ್ರೈವ್! 41 ಫೈಲುಗಳು. ಆಮೇಲೇ ಮಾವನಿಗೆ ಜಾಗ ಬಿಟ್ಟೆ.

ಅವರು ಒಂದು ಫೈಲ್ ತೆರೆದು ತುಂಬಾ ಹೊತ್ತು ಓದಿದರು. ಕೊನೆಗೆ ಕನ್ನಡಕ ತೆಗೆದು ಒರೆಸುತ್ತಾ, "ಮನೇಲಿ ಏನ್ ಕಮ್ಮಿಯಾದ್ರೂ ಅವ್ಳು ತವರಿಂದ ತರ್ತೀನಿ ಅಂತ ಹೊರಡೋಳು, ನಾನು ಬೈಯೋನು" ಅಂದ್ರು. ಆಮೇಲೆ ನಕ್ಕರು.

ಹಳೆಯ 'ನುಡಿ' ಫೈಲುಗಳಾದ್ದರಿಂದ ನನ್ನ ಮೊಬೈಲಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡ್ತಿದ್ದೀನಿ. ಇದುವರೆಗೆ 17 ಆಗಿವೆ. ಒತ್ತಕ್ಷರ ತಪ್ಪಿದ ಕಡೆ ಮಾವನಿಗೆ ಫೋನ್ ಮಾಡಿ ಜೋರಾಗಿ ಕೇಳ್ತೀನಿ. "ಅತ್ತೆ ಹೆಂಗೆ ಹೇಳಿದ್ರೋ ಹಂಗೇ ಹೇಳಿ ಮಾವ, ಮೇಷ್ಟ್ರ ಕನ್ನಡ ಬೇಡ" :-)

ನಿಮ್ಮ ಊರಿನ ಮನೆಯಲ್ಲೂ ಇಂಥದ್ದೊಂದು ಹಳೇ ಡಬ್ಬ ಇರಬಹುದು. ಎಸೆಯೋ ಮುಂಚೆ ಒಂದು ಸಲ ಆನ್ ಮಾಡಿ, ಹತ್ತಿರ ಕೂತು ಕಿವಿಗೊಡಿ. ಚಿತ್ರ ಬಂದರೆ ಮಾತ್ರ, ದಯವಿಟ್ಟು, ಟೀ ಆಮೇಲೆ ಕುಡೀರಿ.